ಬೀಗ ಹಾಕಿದ ಮನೆಯೂ ಲೆಕ್ಕಕ್ಕೆ ಬರ್ಬೇಕು: ಆರೋಗ್ಯ ಸಂಶೋಧನೆಯ ‘ವಿಧಾನ’ ನೋಡೋರ ಕೆಲಸ ಏನು?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಚಿಕ್ಕದು ಮಾಡಲಾಗಿದೆ.

“ಹಳ್ಳಿಗಳಲ್ಲಿ ಇಷ್ಟು ಪರ್ಸೆಂಟ್ ಜನಕ್ಕೆ ಬಿಪಿ”, “ಇಷ್ಟು ಜನಕ್ಕೆ ಶುಗರ್” ಅಂತ ಸುದ್ದಿ ಓದ್ತಾನೇ ಇರ್ತೀವಿ. ಓದಿದ ಮೇಲೆ ಒಂದು ಅನುಮಾನ ಬರುತ್ತೆ, ಅಲ್ವಾ? ಯಾರಪ್ಪಾ ಎಣಿಸಿದ್ದು? ನಮ್ಮ ಮನೆಗಂತೂ ಯಾರೂ ಬರ್ಲಿಲ್ಲ. ಪಕ್ಕದ ಮನೆಗೂ ಬರ್ಲಿಲ್ಲ. ಹಾಗಿದ್ರೆ ಈ ನಂಬರ್ ಎಲ್ಲಿಂದ ಬಂತು, ಅದನ್ನ ಎಷ್ಟು ನಂಬಬಹುದು?

ಈ ಪ್ರಶ್ನೆಯನ್ನೇ ಉದ್ಯೋಗ ಮಾಡ್ಕೊಂಡಿರೋ ಜನ ಇದ್ದಾರೆ. ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಸಂಶೋಧನಾ ಸಂಸ್ಥೆಗಳಲ್ಲಿ ಕೂತು ‘ಆರೋಗ್ಯ ಸಂಶೋಧನೆಯ ವಿಧಾನ’ ನೋಡೋರು. ಅವರು ಔಷಧಿ ಕೊಡಲ್ಲ, ಆಪರೇಷನ್ ಮಾಡಲ್ಲ. ಯಾರನ್ನ ಕೇಳ್ಬೇಕು, ಎಷ್ಟು ಜನರನ್ನ ಕೇಳ್ಬೇಕು, ಯಾವ ಮಾತಲ್ಲಿ ಕೇಳ್ಬೇಕು, ಸಿಗದೇ ಹೋದವರನ್ನ ಏನು ಮಾಡ್ಬೇಕು, ಇಷ್ಟನ್ನ ಮೊದಲೇ ತೀರ್ಮಾನ ಮಾಡೋದು ಅವರ ಕೆಲಸ. ನಾನು ಓದಿದ್ದು ಬಿ.ಕಾಂ. ನನಗೆ ಈ ಕೆಲಸ ಅರ್ಥ ಆಗಿದ್ದು ಆಡಿಟ್ ಮೂಲಕ. ಆಡಿಟರ್ ಎಲ್ಲಾ ವೋಚರ್ ತೆಗೆದು ನೋಡಲ್ಲ, ಕೆಲವನ್ನ ಆರಿಸಿ ನೋಡ್ತಾರೆ. ಆದರೆ ಆ ‘ಕೆಲವು’ ಯಾವುದು ಅಂತ ಕಂಪನಿಯವರೇ ಎತ್ತಿಕೊಟ್ಟರೆ ಅದು ಆಡಿಟ್ ಅಲ್ಲ. ಆರೋಗ್ಯದ ಲೆಕ್ಕಕ್ಕೂ ಇದೇ ಮಾತು.

ಇದು ದೂರದ ಊರಿನ ವಿಷಯ ಅಂದ್ಕೋಬೇಡಿ. ನಮ್ಮ ಬೆಂಗಳೂರು ಗ್ರಾಮಾಂತರದ ಹಳ್ಳಿಗಳು ಈ ವಿದ್ಯೆಗೆ ದೇಶದಲ್ಲೇ ದೊಡ್ಡ ಪಾಠ ಕಲಿಸಿವೆ. ಅಲ್ಲಿಂದಲೇ ಶುರು ಮಾಡೋಣ.

119 ಹಳ್ಳಿ, ಐದು ವರ್ಷ

ಬೆಂಗಳೂರಿಂದ ದೇವನಹಳ್ಳಿ ಕಡೆಗೆ ಹೋಗೋ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಎನ್‌ಟಿಐ ಅಂತಾರೆ. ಶುರುವಾಗಿದ್ದು 1959ರಲ್ಲಿ, 1960ರಲ್ಲಿ ಪ್ರಧಾನಿ ನೆಹರೂ ಉದ್ಘಾಟನೆ ಮಾಡಿದ್ರು. ಆಗ ಟಿಬಿ ಅಂದ್ರೆ ಹೆಸರು ಹೇಳೋಕೂ ಜನ ಹೆದರ್ತಿದ್ದ ಕಾಲ. ಹಳ್ಳಿಗಳಲ್ಲಿ ಎಷ್ಟು ಜನಕ್ಕಿದೆ, ಬಂದವರು ಏನಾಗ್ತಾರೆ ಅನ್ನೋದರ ಗಟ್ಟಿ ಲೆಕ್ಕ ಬೇಕಿತ್ತು.

ಎನ್‌ಟಿಐ ಆಗಿನ ಬೆಂಗಳೂರು ಜಿಲ್ಲೆಯ ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳಲ್ಲಿ 119 ಹಳ್ಳಿಗಳನ್ನ ಆರಿಸ್ತು. ರಸ್ತೆ ಪಕ್ಕದಲ್ಲಿದೆ, ಜೀಪ್ ಹೋಗುತ್ತೆ, ಪಟೇಲರು ಪರಿಚಯ ಅಂತ ಅಲ್ಲ. ಚೀಟಿ ಎತ್ತಿದ ಹಾಗೆ, ಯಾವ ಹಳ್ಳಿಗೆ ಬೇಕಾದ್ರೂ ಅವಕಾಶ ಬರೋ ರೀತಿ. ಒಟ್ಟು ಸುಮಾರು 65,000 ಜನ. 1961ರಿಂದ 1968ರ ನಡುವೆ ಅದೇ ಹಳ್ಳಿಗಳಿಗೆ ನಾಲ್ಕು ಸಲ ಹೋದ್ರು. ಕೈಗೆ ಟ್ಯೂಬರ್ಕ್ಯುಲಿನ್ ಚುಚ್ಚಿ ಸೋಂಕು ನೋಡಿದ್ರು, ಎದೆಯ ಎಕ್ಸ್‌ರೇ ತೆಗೆದ್ರು, ಕಫ ಪರೀಕ್ಷೆ ಮಾಡಿದ್ರು.

ಮೊದಲ ಸುತ್ತಲ್ಲಿ ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕವರು ಐದು ವರ್ಷದ ನಂತರ ಏನಾಗಿದ್ರು? ನೂರರಲ್ಲಿ ಸುಮಾರು 49 ಜನ ತೀರಿಹೋಗಿದ್ರು. ಸುಮಾರು 33 ಜನ ಗುಣ ಆಗಿದ್ರು. ಸುಮಾರು 18 ಜನರ ಕಫದಲ್ಲಿ ಇನ್ನೂ ಕ್ರಿಮಿ ಇತ್ತು, ಅಂದ್ರೆ ಇತರರಿಗೆ ಹರಡ್ತಾನೇ ಇದ್ರು. ಈ ವರದಿ 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಸರಿಯಾದ ಚಿಕಿತ್ಸೆ ತಲುಪದಿದ್ರೆ ಟಿಬಿ ಏನು ಮಾಡುತ್ತೆ ಅಂತ ಹೇಳ್ಬೇಕಾದಾಗ ಪ್ರಪಂಚದ ತಜ್ಞರು ಇವತ್ತಿಗೂ ಈ ಅಂಕಿಗಳನ್ನ ಎತ್ತಿ ತೋರಿಸ್ತಾರೆ.

ಇಲ್ಲಿ ವಿಧಾನದ ಪಾತ್ರ ಏನು ಅಂತ ನೋಡಿ. ಐದು ವರ್ಷ ಬಿಟ್ಟು ಊರಿಗೆ ಹೋದಾಗ ಮನೆಯಲ್ಲಿ ಸಿಗೋದು ಬದುಕಿರೋರು ಮಾತ್ರ. ಸಿಕ್ಕವರನ್ನಷ್ಟೇ ಪರೀಕ್ಷೆ ಮಾಡಿ ಬಂದಿದ್ರೆ, “ಟಿಬಿ ಬಂದವರಲ್ಲಿ ಹೆಚ್ಚಿನವರು ಗುಣ ಆಗ್ತಾರೆ” ಅಂತ ಬರೀಬಹುದಿತ್ತು. ಯಾಕಂದ್ರೆ ಸತ್ತವರು ಬಂದು ಉತ್ತರ ಹೇಳಲ್ಲ. ಮೊದಲ ಪಟ್ಟಿ ಕೈಯಲ್ಲಿ ಹಿಡ್ಕೊಂಡು, ಒಬ್ಬೊಬ್ಬರ ಹೆಸರೂ ಎಲ್ಲಿ ಹೋಯ್ತು ಅಂತ ವಿಚಾರಿಸಿದಾಗ ಮಾತ್ರ ಆ 49 ಕಾಣುತ್ತೆ. ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಓಪನಿಂಗ್ ಸ್ಟಾಕ್ ಪುಸ್ತಕ ಇಲ್ಲದೆ ಗೋಡೌನ್‌ನಲ್ಲಿ ಇರೋ ಮೂಟೆ ಎಷ್ಟು ಎಣಿಸಿದ್ರೂ ಹೋದ ಮೂಟೆ ಗೊತ್ತಾಗಲ್ಲ.

ಪ್ರಶ್ನೆ ತಿರುಗಿಸಿದ್ದಕ್ಕೆ ಬದಲಾದ ಕಾರ್ಯಕ್ರಮ

ಅದೇ ಎನ್‌ಟಿಐನ ಇನ್ನೊಂದು ಅಧ್ಯಯನ ನೆಲಮಂಗಲ ದಾಟಿದ್ರೆ ಸಿಗೋ ತುಮಕೂರು ಜಿಲ್ಲೆಯದು. ಹಳ್ಳಿಯವರಿಗೆ ಟಿಬಿ ಬಂದ್ರೂ ಗೊತ್ತಾಗಲ್ಲ, ಅವರಾಗಿ ಆಸ್ಪತ್ರೆಗೆ ಬರಲ್ಲ, ಎಕ್ಸ್‌ರೇ ವ್ಯಾನ್ ತಗೊಂಡು ನಾವೇ ಊರೂರಿಗೆ ಹೋಗ್ಬೇಕು ಅನ್ನೋ ನಂಬಿಕೆ ಆಗ ಬಲವಾಗಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನೋ ಇಬ್ಬರು ಸಂಶೋಧಕರು, ನಂಬೋ ಮುಂಚೆ ಕೇಳಿ ನೋಡೋಣ ಅಂದ್ರು. ಎಕ್ಸ್‌ರೇಯಲ್ಲಿ ತೊಂದರೆ ಕಂಡವರನ್ನ ಮಾತಾಡಿಸಿದ್ರು. ಅಷ್ಟಕ್ಕೇ ಬಿಡಲಿಲ್ಲ. ಅದೇ ಊರಿನ, ಅದೇ ವಯಸ್ಸಿನ, ಎದೆ ಸರಿಯಾಗಿರೋ ಜನರನ್ನೂ ಹೋಲಿಕೆಗೆ ಇಟ್ಕೊಂಡ್ರು. ಯಾಕೆ? ಕೆಮ್ಮು ಊರಲ್ಲಿ ಎಲ್ಲರಿಗೂ ಇರುತ್ತೆ. ರೋಗಿಗಳಲ್ಲಿ ಎಷ್ಟು ಹೆಚ್ಚು ಅನ್ನೋದು ಹೋಲಿಸಿದಾಗ ತಾನೇ ತಿಳಿಯೋದು?

1963ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಕಫದಲ್ಲಿ ಕ್ರಿಮಿ ಸಿಕ್ಕ ರೋಗಿಗಳಲ್ಲಿ ನೂರಕ್ಕೆ 95 ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು. 72 ಜನಕ್ಕೆ ಅದರ ಚಿಂತೆ ಇತ್ತು. 52 ಜನ ಆಗಲೇ ಯಾವುದೋ ಆಸ್ಪತ್ರೆಯ ಬಾಗಿಲು ತಟ್ಟಿದ್ರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಏನು ಗೊತ್ತಾ? ಒಂದು ಬಾಟ್ಲಿ ಕೆಮ್ಮಿನ ಔಷಧಿ.

ಅಂದ್ರೆ ತಪ್ಪು ಜನರಲ್ಲಿ ಇರಲಿಲ್ಲ. ಬಂದ ಜನರ ಕಫವನ್ನ ನೋಡದ ವ್ಯವಸ್ಥೆಯಲ್ಲಿತ್ತು. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಈ ತಿಳಿವಳಿಕೆಯ ಮೇಲೆ ನಿಂತ್ಕೊಂಡ್ತು. ಊರೂರಿಗೆ ಎಕ್ಸ್‌ರೇ ವ್ಯಾನ್ ಓಡಿಸೋ ಬದಲು, ಕೆಮ್ಮು ಅಂತ ಸಾಮಾನ್ಯ ಆಸ್ಪತ್ರೆಗೆ ಬಂದವರ ಕಫ ಪರೀಕ್ಷೆ ಮಾಡಿ, ಅಲ್ಲೇ ಚಿಕಿತ್ಸೆ ಕೊಡಿ ಅನ್ನೋದು ಅದರ ತಿರುಳು. ಬ್ಯಾನರ್ಜಿ ಮುಂದೆ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ್ರು. ಒಂದು ಪ್ರಶ್ನೆಯನ್ನ ಸರಿಯಾದ ಜನರಿಗೆ, ಸರಿಯಾದ ಹೋಲಿಕೆ ಇಟ್ಟು ಕೇಳಿದ್ದು ದೇಶದ ದುಡ್ಡು ಎಲ್ಲಿ ಖರ್ಚಾಗ್ಬೇಕು ಅನ್ನೋದನ್ನೇ ಬದಲಾಯಿಸ್ತು.

ಒಂದು ಅಗುಳಿನ ಲೆಕ್ಕ

ಈಗ ಇವತ್ತಿನ ಕೆಲಸಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲೇ ಹೊಸಕೋಟೆಯ ಎಂವಿಜೆ, ದೇವನಹಳ್ಳಿಯ ಆಕಾಶ್ ಅಂಥ ವೈದ್ಯಕೀಯ ಕಾಲೇಜುಗಳಿವೆ. ಎಲ್ಲಾ ವೈದ್ಯಕೀಯ ಕಾಲೇಜುಗಳಲ್ಲೂ ಕಮ್ಯುನಿಟಿ ಮೆಡಿಸಿನ್ ಅನ್ನೋ ವಿಭಾಗ ಇರುತ್ತೆ. ಎಂ.ಡಿ. ಓದೋ ವಿದ್ಯಾರ್ಥಿ ಒಂದು ಪ್ರಬಂಧ ಬರೀಲೇಬೇಕು. ಆಗ ಕೇಳೋ ಮೊದಲ ಪ್ರಶ್ನೆ: ಎಷ್ಟು ಜನರನ್ನ ನೋಡ್ಬೇಕು?

ಇದಕ್ಕೆ ಒಂದು ಸೂತ್ರ ಇದೆ. ಸಮಸ್ಯೆ ಅರ್ಧದಷ್ಟು ಜನಕ್ಕಿರಬಹುದು ಅಂತ ಇಟ್ಕೊಂಡು, ಉತ್ತರ 5 ಪರ್ಸೆಂಟ್ ಆಚೀಚೆ ಇದ್ರೆ ಪರವಾಗಿಲ್ಲ ಅಂದ್ರೆ, ಸುಮಾರು 384 ಜನ ಸಾಕು. ನೆಲಮಂಗಲ ತಾಲ್ಲೂಕಿಗೂ ಅಷ್ಟೇ, ಇಡೀ ಕರ್ನಾಟಕಕ್ಕೂ ಹೆಚ್ಚು ಕಮ್ಮಿ ಅಷ್ಟೇ. ಮೊದಲ ಸಲ ಕೇಳಿದಾಗ ನನಗೂ ವಿಚಿತ್ರ ಅನ್ನಿಸ್ತು. ಆದ್ರೆ ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದ್ರೆ ಸಾಕು, ಮನೆಯ ಪಾತ್ರೆಯಾದ್ರೂ ಅಷ್ಟೇ, ಮದುವೆಯ ಕೊಪ್ಪರಿಗೆಯಾದ್ರೂ ಅಷ್ಟೇ.

ತೊಂದರೆ ಎಲ್ಲಿದೆ ಅಂದ್ರೆ, ಊರು ಅನ್ನದ ಪಾತ್ರೆ ಅಲ್ಲ. ಒಂದೇ ಉರಿಯಲ್ಲಿ ಬೆಂದಿರಲ್ಲ. ಊರ ಮುಂದಿನ ಬೀದಿ ಬೇರೆ, ಕಾಲೋನಿ ಬೇರೆ, ತೋಟದ ಮನೆಗಳು ಬೇರೆ. ಒಂದೇ ಊರಿನ ಜನ ಒಂದೇ ಬೋರ್‌ವೆಲ್ ನೀರು ಕುಡೀತಾರೆ, ಒಂದೇ ಅಂಗಡಿಯಲ್ಲಿ ಎಣ್ಣೆ ತರ್ತಾರೆ. ಅವರ ಉತ್ತರಗಳೂ ಒಂದೇ ಥರ ಇರಬಹುದು. ಅದಕ್ಕೇ ಹಳ್ಳಿಗಳನ್ನ ಗುಂಪಾಗಿ ಆರಿಸಿದಾಗ ಸಂಖ್ಯೆಯನ್ನ ಹೆಚ್ಚಿಸ್ತಾರೆ. 384 ಅನ್ನೋದು 768 ಆಗಬಹುದು. ಹತ್ತರಲ್ಲಿ ಒಬ್ಬರು ಬೇಡ ಅಂದ್ರೂ ಸಾಲಬೇಕು ಅಂದ್ರೆ 850 ದಾಟುತ್ತೆ. ಜೊತೆಗೆ ಎಲ್ಲಿಂದ ಶುರು ಮಾಡ್ಬೇಕು ಅನ್ನೋದು. ದೇವಸ್ಥಾನದ ಹತ್ತಿರ ಗಾಡಿ ನಿಲ್ಸಿ, ಅಲ್ಲಿಂದ ಎದುರು ಸಿಕ್ಕ ಮನೆಗಳನ್ನ ಮಾಡ್ತಾ ಹೋದ್ರೆ, ಕಾಲೋನಿ ಬರೋ ಹೊತ್ತಿಗೆ ಸಂಖ್ಯೆ ಮುಗಿದಿರುತ್ತೆ. ಸಮೀಕ್ಷೆ ಮುಗೀತು, ಊರಿನ ಒಂದು ಭಾಗ ಬಂದೇ ಇಲ್ಲ. ಅದಕ್ಕೇ ಮೊದಲು ಎಲ್ಲಾ ಮನೆಗಳ ಪಟ್ಟಿ, ಆಮೇಲೆ ಆಯ್ಕೆ.

ಹಗಲು ಹನ್ನೊಂದು ಗಂಟೆಗೆ ಯಾರು ಸಿಗ್ತಾರೆ?

ದೊಡ್ಡಬಳ್ಳಾಪುರದ ಸುತ್ತ ಬೆಳಿಗ್ಗೆ ಹೊತ್ತು ನೋಡಿ. ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಬಸ್ ಹತ್ತಿರ್ತಾರೆ. ಗಂಡಸರು ಮಗ್ಗದಲ್ಲೋ ಹೊಲದಲ್ಲೋ ಏರ್‌ಪೋರ್ಟ್ ಕಡೆಯ ಕೆಲಸದಲ್ಲೋ ಇರ್ತಾರೆ. ಹನ್ನೊಂದು ಗಂಟೆಗೆ ಸಮೀಕ್ಷೆಯವರು ಹೋದ್ರೆ ಸಿಗೋದು ಅಜ್ಜ, ಅಜ್ಜಿ, ಬಾಣಂತಿ. ಉಳಿದ ಮನೆಗೆ ಬೀಗ.

ಲೆಕ್ಕ ಅರ್ಥ ಆಗೋಕೆ ಒಂದು ಊಹೆ ಮಾಡೋಣ. ನೂರು ಮನೆ, ಮನೆಗೊಬ್ಬರು. 60 ಮನೆ ತೆರೆದಿವೆ, ಅಲ್ಲಿ 15 ಜನಕ್ಕೆ ಬಿಪಿ. ಅಂದ್ರೆ 25 ಪರ್ಸೆಂಟ್. ಬೀಗ ಹಾಕಿದ 40 ಮನೆಗೆ ಸಂಜೆ ಮತ್ತೆ ಹೋದಾಗ 4 ಜನಕ್ಕೆ ಮಾತ್ರ ಬಿಪಿ ಸಿಕ್ತು ಅನ್ನಿ. ಒಟ್ಟು ನೂರಕ್ಕೆ 19. ಬೀಗದ ಮನೆ ಬಿಟ್ಟಿದ್ರೆ ಊರಿನ ಲೆಕ್ಕ 19ರ ಬದಲು 25 ಆಗ್ತಿತ್ತು. ಇನ್ನೊಂದು ರೋಗಕ್ಕೆ ಇದೇ ತಿರುವುಮುರುವಾಗಬಹುದು. ಅದಕ್ಕೆ ಒಳ್ಳೆಯ ಅಧ್ಯಯನದಲ್ಲಿ ಬೀಗ ಹಾಕಿದ ಮನೆಗೆ ಸಂಜೆ, ಭಾನುವಾರ, ಮತ್ತೆ ಮತ್ತೆ ಹೋಗ್ತಾರೆ. ಮನೆಯಲ್ಲಿ ಯಾರನ್ನ ಮಾತಾಡಿಸ್ಬೇಕು ಅನ್ನೋದನ್ನೂ ಮನೆಯವರಿಗೆ ಬಿಡಲ್ಲ. ಇರೋ ವಯಸ್ಕರ ಪಟ್ಟಿ ಮಾಡಿ ಒಬ್ಬರನ್ನ ಆರಿಸೋ ಕೋಷ್ಟಕ ಇದೆ. ಲೆಸ್ಲಿ ಕಿಶ್ ಅನ್ನೋ ಸಂಖ್ಯಾಶಾಸ್ತ್ರಜ್ಞ 1949ರಲ್ಲಿ ಕೊಟ್ಟಿದ್ದು.

ಕಾರ್ಖಾನೆಗೇ ಹೋಗಿ ಕೇಳಿದ್ರೆ ಆಗಲ್ವಾ ಅಂದ್ರೆ, ಅಲ್ಲೊಂದು ಬೇರೆ ಬಲೆ ಇದೆ. ಪವರ್‌ಲೂಮ್ ಶೆಡ್ಡಿಗೆ ಹೋಗಿ ಕೆಲಸಗಾರರ ಕಿವಿ, ಉಸಿರು ಪರೀಕ್ಷೆ ಮಾಡಿದ್ರಿ ಅಂತ ಇಟ್ಕೊಳ್ಳಿ. ಎಲ್ಲಾ ಪರವಾಗಿಲ್ಲ ಅಂತ ಬಂತು. ಹಾಗಾದ್ರೆ ಮಗ್ಗದ ಸದ್ದಿಂದ, ಧೂಳಿಂದ ತೊಂದರೆ ಇಲ್ವಾ? ತೊಂದರೆ ಆದವರು ಆಗಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತಿರಬಹುದು. ಶೆಡ್ಡಲ್ಲಿ ಉಳಿದಿರೋದು ತಡ್ಕೊಂಡವರು. ಸಂಶೋಧಕರು ಇದಕ್ಕೆ ‘ಆರೋಗ್ಯವಂತ ಕೆಲಸಗಾರರ ಪರಿಣಾಮ’ ಅಂತಾರೆ. ಮಾಜಿ ಕೆಲಸಗಾರರನ್ನ ಹುಡುಕಿಕೊಂಡು ಹೋಗದೆ ಈ ಲೆಕ್ಕ ಪೂರ್ತಿ ಆಗಲ್ಲ.

“ತಂಬಾಕಾ? ಛೇ ಇಲ್ಲಪ್ಪಾ”

ಮುಂದಿನದು ಭಾಷೆ. ಪ್ರಶ್ನೆಪಟ್ಟಿ ಬಹಳ ಸಲ ಇಂಗ್ಲಿಷ್‌ನಲ್ಲಿ ಹುಟ್ಟುತ್ತೆ. ಅದನ್ನ ಕನ್ನಡ ಮಾಡಿ, ಮೂಲ ನೋಡದ ಇನ್ನೊಬ್ಬರ ಕೈಲಿ ವಾಪಸ್ ಇಂಗ್ಲಿಷ್‌ಗೆ ತರಿಸಿ, ಎರಡೂ ತಾಳೆ ಆಗುತ್ತಾ ನೋಡ್ತಾರೆ. ಅದಾದ ಮೇಲೂ ಊರಲ್ಲಿ ಕೆಲವರ ಹತ್ರ ಕೇಳಿ ನೋಡ್ಲೇಬೇಕು. ಯಾಕಂದ್ರೆ ಸಂಭಾಷಣೆ ಹೀಗಾಗುತ್ತೆ:

“ಅಜ್ಜಿ, ತಂಬಾಕು ಸೇವಿಸ್ತೀರಾ?”

“ತಂಬಾಕಾ? ಛೇ ಇಲ್ಲಪ್ಪಾ.”

“ಕಡ್ಡಿಪುಡಿ ಹಾಕ್ತೀರಾ?”

“ಹ್ಞೂಂ, ಎಲೆ ಅಡಿಕೆ ಜೊತೆ ಒಂಚೂರು.”

ಕಡ್ಡಿಪುಡಿಯೂ ತಂಬಾಕೇ. ಅಜ್ಜಿ ಸುಳ್ಳು ಹೇಳ್ಲಿಲ್ಲ. ಮೊದಲ ಪ್ರಶ್ನೆ ಅವರ ಮಾತಲ್ಲಿ ಇರಲಿಲ್ಲ, ಅಷ್ಟೇ. ಮೊದಲ ಪ್ರಶ್ನೆಗೇ ನಿಲ್ಸಿದ್ರೆ “ಈ ಊರಿನ ಹೆಂಗಸರು ತಂಬಾಕು ಮುಟ್ಟಲ್ಲ” ಅನ್ನೋ ವರದಿ ಬರುತ್ತೆ, ಬಾಯಿ ಕ್ಯಾನ್ಸರ್ ತಪಾಸಣೆ ಆ ಊರಿಗೆ ಬರಲ್ಲ.

ಮನಸ್ಸಿನ ಆರೋಗ್ಯದ ಪ್ರಶ್ನೆಗಳಲ್ಲಿ ಇದು ಇನ್ನೂ ಕಷ್ಟ. “ಹೋದ ಎರಡು ವಾರದಲ್ಲಿ ಬೇಜಾರು ಆಗಿತ್ತಾ?” ಅಂತ ಕೇಳಿದ್ರೆ ಏನು ಕೇಳಿದ ಹಾಗಾಯ್ತು? ನಮ್ಮ ಕಡೆ ಟೈಮ್ ಪಾಸ್ ಆಗದಿದ್ರೂ ಬೇಜಾರು, ಮಗ ಫೋನ್ ಮಾಡದಿದ್ರೂ ಬೇಜಾರು, ಬದುಕೇ ಬೇಡ ಅನ್ನಿಸಿದ್ರೂ ಬೇಜಾರು. ಒಂದೇ ಪದ, ಮೂರು ಬೇರೆ ವಿಷಯ. ಇದರ ಜೊತೆಗೆ ಹೊಸಕೋಟೆ, ದೇವನಹಳ್ಳಿ ಕಡೆ ಮನೆಯಲ್ಲಿ ತೆಲುಗು, ಉರ್ದು ಮಾತಾಡೋ ಕುಟುಂಬಗಳೂ ಇವೆ. ಅವರಿಗೆ ಪಕ್ಕದ ಮನೆಯವರ ಕೈಲಿ ಭಾಷಾಂತರ ಮಾಡಿಸಿದ್ರೆ ಗುಟ್ಟಿನ ಮಾತು ಹೊರಗೆ ಬರುತ್ತಾ?

ಅಳತೆಗೂ ಹೀಗೇ ನಿಯಮ ಇದೆ. ಹೊಲದಿಂದ ನಡ್ಕೊಂಡು ಬಂದವರ ತೋಳಿಗೆ ತಕ್ಷಣ ಬಿಪಿ ಪಟ್ಟಿ ಕಟ್ಟಬಾರದು. ಐದು ನಿಮಿಷವಾದ್ರೂ ಕೂರಿಸ್ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ಸ್’ ಪದ್ಧತಿಯಲ್ಲಿ ಮೂರು ಸಲ ನೋಡಿ, ಮೊದಲನೆಯದನ್ನ ಬಿಟ್ಟು, ಕೊನೆಯ ಎರಡರ ಸರಾಸರಿ ತಗೋತಾರೆ.

ಪಟ್ಟಿಯೇ ಹಳೆಯದಾದ್ರೆ?

ನಮ್ಮ ಜಿಲ್ಲೆಗೆ ಈಗ ದೊಡ್ಡ ತಲೆನೋವು ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಕರ್ನಾಟಕದಲ್ಲಿ ನಡೆದಿದ್ದು 2019–20ರಲ್ಲಿ. ದೇಶದಲ್ಲಿ 6,36,699 ಮನೆಗಳನ್ನ ಮಾತಾಡಿಸಿದ ದೊಡ್ಡ ಕೆಲಸ ಅದು. ಹಳ್ಳಿಗಳನ್ನ ಆರಿಸೋಕೆ ಬಳಸಿದ್ದು 2011ರ ಜನಗಣತಿಯ ಪಟ್ಟಿ. ಆರಿಸಿದ ಹಳ್ಳಿಯಲ್ಲಿ ಮನೆಗಳ ಪಟ್ಟಿ ಹೊಸದಾಗೇ ಮಾಡ್ತಾರೆ, ಆಮೇಲೆ ಗುಂಪಿಗೆ 22 ಮನೆ. ಆದ್ರೆ ಯಾವ ಹಳ್ಳಿಗೆ ಎಷ್ಟು ತೂಕ ಅನ್ನೋದು ಹಳೆಯ ಜನಸಂಖ್ಯೆ ಮೇಲೆ ನಿಂತಿರುತ್ತೆ.

2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ ಎಷ್ಟು ಬದಲಾಗಿದೆ ಅಂತ ನಿಮಗೇ ಗೊತ್ತು. ರಾಗಿ ಹೊಲ ಇದ್ದ ಕಡೆ ಲೇಔಟ್, ಹೊಸಕೋಟೆ ಕಡೆ ಸಾಲು ಸಾಲು ಗೋದಾಮು, ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಪಟ್ಟಿಯಲ್ಲಿ ಇಲ್ಲದ ಶೆಡ್ಡಿನ ಹೆಸರಿಗೆ ಚೀಟಿಯೂ ಬೀಳಲ್ಲ. ಲೆಕ್ಕದಲ್ಲಿ ಇಲ್ಲದ ಮಗುವಿಗೆ ಲಸಿಕೆ ತರಿಸೋದು ಯಾರು?

ಕೊಟ್ಟವರಿಗೆ ವಾಪಸ್ ಏನು?

ಮೊದಲು ಹೇಳಿದ ಆ 49 ಜನಕ್ಕೆ ಮತ್ತೆ ಬರ್ತೀನಿ. ಅದು ನಮ್ಮದೇ ನೆಲದ, ಯಾರದೋ ಅಪ್ಪ, ಯಾರದೋ ಅಕ್ಕ. ಅವರ ಸಾವಿನ ಲೆಕ್ಕದಿಂದ ಪ್ರಪಂಚ ಕಲೀತು. ಇವತ್ತು ಸಮೀಕ್ಷೆಯಲ್ಲಿ ರೋಗ ಸಿಕ್ಕಿ, ಚಿಕಿತ್ಸೆಗೆ ದಾರಿ ತೋರಿಸದೆ ಬರೀ ಗಮನಿಸ್ತಾ ಇರೋದಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪಬಾರದು. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಭಾಗವಹಿಸೋರಿಗೆ ಅವರ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೀಬೇಕು. ಓದೋಕೆ ಬರದವರು ಹೆಬ್ಬೆಟ್ಟು ಒತ್ತುವಾಗ, ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿ ಒಬ್ಬರು ಅಲ್ಲಿರ್ಬೇಕು.

ಕಾಗದದ ಮೇಲೆ ಇದು ಚೆನ್ನಾಗಿದೆ. ಊರಲ್ಲಿ “ಏನವ್ವಾ, ರೇಷನ್ ಕಾರ್ಡ್ ವಿಷಯಾನಾ?” ಅಂತಾನೇ ಮಾತು ಶುರುವಾಗೋದು. ರೇಷನ್ ಸಿಗುತ್ತೆ ಅಂದ್ಕೊಂಡು ಸಹಿ ಹಾಕಿದ್ರೆ ಅದು ಒಪ್ಪಿಗೆ ಅಲ್ಲ. “ಇದಕ್ಕೂ ರೇಷನ್‌ಗೂ ಸಂಬಂಧ ಇಲ್ಲಮ್ಮ, ಬೇಡ ಅಂದ್ರೂ ನಿಮಗೆ ನಷ್ಟ ಇಲ್ಲ” ಅಂತ ಬಿಡಿಸಿ ಹೇಳೋರು ಫೀಲ್ಡ್‌ನಲ್ಲಿ ತಿರುಗೋ ಹುಡುಗ ಹುಡುಗಿಯರು. ನನ್ನ ಪ್ರಕಾರ ಇಡೀ ವ್ಯವಸ್ಥೆಯ ನಿಜಾಯಿತಿ ನಿಂತಿರೋದು ಅವರ ಮೇಲೆ. ಆದ್ರೆ ಅವರ ಕೆಲಸ ಪ್ರಾಜೆಕ್ಟ್ ಇರೋ ತನಕ ಮಾತ್ರ. ದಿನಕ್ಕೆ ಇಷ್ಟು ಫಾರ್ಮ್ ಅಂತ ಗುರಿ ಕೊಟ್ಟು, ಬಸ್ ಚಾರ್ಜಿಗೂ ಕೊಸರಾಡಿದ್ರೆ, ಬೀಗದ ಮನೆಗೆ ಮೂರನೇ ಸಲ ಯಾರು ಹೋಗ್ತಾರೆ? ಮರದ ಕೆಳಗೆ ಕೂತು ಫಾರ್ಮ್ ತುಂಬೋ ಆಸೆ ಅಲ್ಲೇ ಹುಟ್ಟೋದು. ಅದನ್ನ ಹಿಡಿಯೋಕೆ ಹತ್ತು ಮನೆಗೊಂದು ಮನೆಗೆ ಮೇಲ್ವಿಚಾರಕರು ಮತ್ತೆ ಹೋಗಿ ಕೇಳ್ತಾರೆ. ಹಿಡಿಯೋದಕ್ಕಿಂತ ಸರಿಯಾಗಿ ಸಂಬಳ ಕೊಡೋದು ಒಳ್ಳೆ ವಿಧಾನ ಅಂತ ನಾನು ಹೇಳ್ತೀನಿ.

ಈ ಕ್ಷೇತ್ರಕ್ಕೆ ಬರೋಕೆ ಡಾಕ್ಟರೇ ಆಗಿರ್ಬೇಕಾ ಅಂತ ಕೆಲವರು ಕೇಳಿದ್ರಿ. ಇಲ್ಲ. ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ, ನರ್ಸಿಂಗ್ ಓದಿದವರೂ ಇದ್ದಾರೆ. ಸಾರ್ವಜನಿಕ ಆರೋಗ್ಯದ ಎಂಪಿಎಚ್ ಕೋರ್ಸಿಗೆ ಕೆಲವು ಕಡೆ ಯಾವುದೇ ಪದವಿ ಆದ್ರೂ ತಗೋತಾರೆ. ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ ಸಂಶೋಧನಾ ವಿಧಾನದ ಮೂಲ ಕೋರ್ಸನ್ನ ಆನ್‌ಲೈನ್‌ನಲ್ಲೇ ಕಲಿಸುತ್ತೆ. ಲೆಡ್ಜರ್ ತಾಳೆ ನೋಡೋ ತಾಳ್ಮೆ ಇರೋ ಕಾಮರ್ಸ್‌ನವರಿಗೂ ಇಲ್ಲಿ ಜಾಗ ಇದೆ.

ಕೊನೆಯದಾಗಿ, ಆರೋಗ್ಯದ ಸುದ್ದಿ ಓದುವಾಗ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ. ಯಾರನ್ನ, ಹೇಗೆ ಆರಿಸಿದ್ರು? ಎಷ್ಟು ಜನ ಸಿಗಲಿಲ್ಲ? ಯಾವ ಮಾತಲ್ಲಿ ಕೇಳಿದ್ರು? ಯಾರ ಜೊತೆ ಹೋಲಿಸಿದ್ರು? ಸಮೀಕ್ಷೆಯವರು ನಿಮ್ಮ ಮನೆಗೇ ಬಂದ್ರೆ ಐದನೇ ಪ್ರಶ್ನೆ ಕೇಳಿ: “ಇದರ ಫಲಿತಾಂಶ ನಮ್ಮೂರಿಗೆ ಯಾವಾಗ ಹೇಳ್ತೀರಿ?” ಗ್ರಾಮಸಭೆಯಲ್ಲಿ ಅರ್ಧ ಗಂಟೆ, ಒಂದು ಚಾರ್ಟ್, ಅರ್ಥ ಆಗೋ ಕನ್ನಡ ಸಾಕು. ಅರವತ್ತು ವರ್ಷದ ಹಿಂದೆ ಕಫ ಕೊಟ್ಟ ಊರುಗಳಿಗೆ ಇಷ್ಟು ಕೇಳೋ ಹಕ್ಕಿದೆ.

ನಿಮ್ಮ ಊರಲ್ಲಿ ಸಮೀಕ್ಷೆ ನಡೆದಿದ್ರೆ, ಫಲಿತಾಂಶ ವಾಪಸ್ ಬಂತಾ ಇಲ್ವಾ ಅಂತ ನಮಗೆ ಬರೆದು ತಿಳಿಸಿ.